ಇಲಿ ತಿಂದಿದ್ದು ಕಮ್ಮಿಯಾ, ಕರಗಿದ್ದು ಜಾಸ್ತಿಯಾ?

ಲ್ಯಾಬಿನ ಹುಡುಗನೊಬ್ಬ ಮತ್ತೆ ಅದೇ ಗ್ರಾಫ್ ತಂದ. ಸಿ26 ಅನ್ನೋ ಕರುಳಿನ ಕ್ಯಾನ್ಸರ್ ಟ್ಯೂಮರ್ (ಗಡ್ಡೆ) ಹಾಕಿದ ಇಲಿಗಳು ಸೊರಗಿದ್ವು, ನಮ್ಮ ಔಷಧಿ ಕೊಟ್ಟವು ಸೊರಗಲಿಲ್ಲ, ಹಾಗಾಗಿ ಔಷಧಿ ಮಸಲ್ ಉಳಿಸುತ್ತೆ ಅಂತ. ಪೇರ್-ಫೆಡ್ ಗ್ರೂಪ್, ಅಂದ್ರೆ ಟ್ಯೂಮರ್ ಇಲಿ ತಿಂದಷ್ಟೇ ಊಟ ಕೊಟ್ಟ ಟ್ಯೂಮರ್ ಇಲ್ಲದ ಇಲಿಗಳು, ಎಲ್ಲಪ್ಪಾ ಅಂದ್ರೆ "ಕಂಟ್ರೋಲ್ ಇದ್ಯಲ್ಲ ಸರ್, ಆರೋಗ್ಯವಾಗಿರೋ ಇಲಿಗಳು" ಅಂತಾನೆ ಹುಡುಗ. ಹೊಟ್ಟೆ ತುಂಬ ತಿಂದ ಇಲೀನ ಊಟ ಬಿಟ್ಟ ಇಲಿ ಜೊತೆ ತೂಗಿದ್ರೆ ಏನು ಗೊತ್ತಾಗುತ್ತೆ ಮಾರಾಯ?

ಕ್ಯಾಕೆಕ್ಸಿಯಾ, ಅಂದ್ರೆ ಕ್ಯಾನ್ಸರ್‌ನಂಥ ರೋಗದಲ್ಲಿ ಮೈ ಕರಗಿ ಸೊರಗೋದು, ಅದರ ಬಗ್ಗೆ ಉದ್ದಕ್ಕೆ ಹೇಳ್ತಾ ಕೂರಲ್ಲ. 2011ರ ಅಂತಾರಾಷ್ಟ್ರೀಯ ವ್ಯಾಖ್ಯಾನದಲ್ಲೇ ಇದೆ, ಮಾಮೂಲಿ ಪೋಷಣೆ ಕೊಟ್ಟು ಪೂರ್ತಿ ಸರಿ ಮಾಡೋಕಾಗದ ಸ್ನಾಯುನಷ್ಟ ಅಂತ. ಅಂದ್ರೆ ಇದು ಬರೀ ಉಪವಾಸ ಅಲ್ಲ. ಆದ್ರೆ ನಿಮ್ಮ ಇಲಿಯಲ್ಲಿ ಉಪವಾಸ ಎಷ್ಟು, ಉಪವಾಸ ಅಲ್ಲದ್ದು ಎಷ್ಟು ಅಂತ ಬೇರೆ ಮಾಡ್ಬೇಕಲ್ವಾ? ಚಿಕ್ಕ ಪ್ರಾಣಿ, ಒಂದು ದಿನ ಊಟ ತಪ್ಪಿದ್ರೇ ಮಸಲ್ ಕರಗೋಕೆ ಶುರು.

ಅದಕ್ಕೇ ಪೇರ್-ಫೀಡಿಂಗ್. ಟ್ಯೂಮರ್ ಇರೋ ಇಲಿ ನಿನ್ನೆ 2.1 ಗ್ರಾಂ ತಿಂತಾ, ಟ್ಯೂಮರ್ ಇಲ್ಲದ ಜೋಡಿ ಇಲಿಗೆ ಇವತ್ತು 2.1 ಗ್ರಾಂ ಅಷ್ಟೇ. ಎರಡೂ ಒಂದೇ ಸಮ ಸೊರಗಿದ್ರೆ ಅಲ್ಲಿ ಉಪವಾಸದ್ದೇ ದೊಡ್ಡ ಪಾಲು, ಟ್ಯೂಮರ್ ಇಲಿ ಇನ್ನೂ ಸೊರಗಿದ್ರೆ ಆ ಹೆಚ್ಚುವರಿ ನಷ್ಟಕ್ಕೆ ಕಾರಣ ಹುಡುಕಿ. ಔಷಧಿ ಪಡೆದ ಇಲಿಗೂ ಇದೇ ಲೆಕ್ಕ, ಔಷಧಿ ಇಲ್ಲದ ಟ್ಯೂಮರ್ ಇಲಿ ತಿಂದಷ್ಟೇ ಕೊಟ್ಟು ಒಂದು ಗ್ರೂಪ್ ನೋಡಿ, ಆಗ್ಲೂ ಮಸಲ್ ಉಳಿದಿದ್ರೆ ಬನ್ನಿ ಮಾತಾಡೋಣ. ಇದೂ ಪರ್ಫೆಕ್ಟ್ ಅಲ್ಲ ಬಿಡಿ, ಪೇರ್-ಫೆಡ್ ಇಲಿ ಹಸ್ಕೊಂಡಿರುತ್ತೆ, ಹಾಕಿದ್ದನ್ನ ಗಬಗಬ ತಿಂದು ಉಳಿದ ಹೊತ್ತೆಲ್ಲ ಉಪವಾಸ ಕೂರುತ್ತೆ, ಅದರಿಂದ ಮೆಟಬಾಲಿಸಂ ಬದಲಾಗುತ್ತೆ. ಎರಡು ಮೂರು ಸಲ ಹಂಚಿ, ಹೆಚ್ಚಿನ ಪಾಲು ಸಂಜೆ ಕೊಡಿ, ಇಲಿ ರಾತ್ರಿ ಉಣ್ಣೋ ಜಾತಿ.

ತಿಂದಿದ್ದನ್ನ ಅಳೆಯೋದೂ ಸುಲಭ ಅಲ್ಲ. ಒಬ್ಬಳು ಸ್ಟೂಡೆಂಟ್ ಇದ್ಲು, ಬಹಳ ಶ್ರದ್ಧೆ, ಅವಳ ಡೇಟಾದಲ್ಲಿ ಟ್ಯೂಮರ್ ಇಲಿಗಳಿಗೆ ಹಸಿವೇ ಕಮ್ಮಿ ಆಗಿರಲಿಲ್ಲ. ಹೋಗಿ ಬೆಡ್ಡಿಂಗ್ ಕೆದಕಿದ್ರೆ ಫೀಡ್ ಎಲ್ಲ ಪುಡಿಪುಡಿ ಆಗಿ ಕೆಳಗೆ ಬಿದ್ದಿತ್ತು. ಕಡಿದು ಉದುರಿಸಿದ್ದನ್ನೂ ತಿಂದಿದ್ದು ಅಂತ ಬರ್ಕೊಂಡಿದ್ಲು ಪಾಪ. ಮೂರು ವಾರ ಬೆಳಗ್ಗೆ ಬೆಳಗ್ಗೆ ಬಂದು ತೂಗಿದ್ಲು, ಹೇಳೋಕೆ ನನಗೇ ಬಾಯಿ ಬರ್ಲಿಲ್ಲ.

ಇನ್ನು ಟ್ಯೂಮರ್ ತೂಕ. 25 ಗ್ರಾಂ ಇದ್ದ ಇಲಿ ಕೊನೆಗೆ 24 ಆಯ್ತು, 4 ಪರ್ಸೆಂಟ್ ಅಷ್ಟೇ ಅಂತೀರಿ. ಅದರಲ್ಲಿ ಟ್ಯೂಮರ್ರೇ 2 ಗ್ರಾಂ ಇದ್ರೆ ಇಲಿ ಉಳಿದಿದ್ದು 22, ಹೋಗಿದ್ದು 12 ಪರ್ಸೆಂಟ್. 60 ಕೆಜಿ ಮನುಷ್ಯನಲ್ಲಿ ಇದೇ ಲೆಕ್ಕ ಹಾಕಿದ್ರೆ 5 ಕೆಜಿ ಗಡ್ಡೆ, ಅಷ್ಟು ದೊಡ್ಡದನ್ನ ಹೊತ್ತಿರೋ ರೋಗಿಗಳು ಅಪರೂಪ. ಈ ಮಾಡೆಲ್‌ಗಳ ದೊಡ್ಡ ಕೊರತೆಯೇ ಇದು, ಚಿಕ್ಕ ಮೈಯಲ್ಲಿ ದೊಡ್ಡ ಗಡ್ಡೆ, ಅದೂ ಎರಡು ಮೂರು ವಾರದಲ್ಲಿ.

ಹಸಿವು ಹೆಚ್ಚಿಸೋ ಔಷಧಿ ಕೀಳು ಅಂತ ನಾನು ಹೇಳ್ತಿಲ್ಲ, ಊಟ ಸೇರದೆ ತಟ್ಟೆ ಸರಿಸೋ ರೋಗಿಗೆ ಎರಡು ತುತ್ತು ಹೆಚ್ಚು ಹೋದ್ರೂ ದೊಡ್ಡದೇ. ಹಸಿವು ಕುಂದಿಸೋ ಜಿಡಿಎಫ್15 ಅನ್ನೋ ಪ್ರೋಟೀನ್‌ಗೆ ಹಿಂಬದಿ ಮೆದುಳಲ್ಲಿ ರಿಸೆಪ್ಟರ್ (ಅದು ಹೋಗಿ ಅಂಟೋ ಜಾಗ) ಸಿಕ್ಕಿದ್ದು 2017ರಲ್ಲಿ, ಆಮೇಲೆ ಈ ದಾರಿಗೆ ಜೀವ ಬಂತು. ಆದ್ರೆ ಹಸಿವು ಹೆಚ್ಚಿಸೋ ಅನಮೊರೆಲಿನ್ ಔಷಧಿ ನೆನಪಿರಲಿ, ದೊಡ್ಡ ಟ್ರಯಲ್‌ಗಳಲ್ಲಿ ಲೀನ್ ಮಾಸ್ (ಕೊಬ್ಬು ಬಿಟ್ಟ ಮೈತೂಕ) ಏರಿತು, ಕೈಹಿಡಿತದ ಬಲ ಮಾತ್ರ ಏರಲಿಲ್ಲ.

ಅಂದ ಹಾಗೆ ಆ ಗ್ರಾಫ್ ಹುಡುಗ ಪೇರ್-ಫೆಡ್ ಹಾಕಿ ಮತ್ತೆ ಮಾಡಿದ. ಉಳಿದ ಮಸಲ್‌ನಲ್ಲಿ ಮುಕ್ಕಾಲು ಪಾಲು ಹೆಚ್ಚು ತಿಂದಿದ್ದರಿಂದಲೇ. ಮುಖ ಸಣ್ಣ ಮಾಡ್ಕೊಂಡ. ಹಸಿವು ಹೆಚ್ಚಿಸೋ ಔಷಧಿ ಅಂತಲೇ ಬರಿ ಅಂದೆ. ಟೈಟಲ್ ಬದಲಾಯಿಸ್ಕೊಂಡು ನಿನ್ನೆ ಬಂದಿದ್ದ, ಟ್ಯೂಮರ್ ತೂಕ ಕಳೆಯೋದು ಮಾತ್ರ ಮತ್ತೆ ಮರ್ತಿದ್ದಾನೆ.