ಲಿಟ್ಲ್ ವಾಲ್ಟರ್ ಕೈಯಲ್ಲಿ ಮೌತ್ ಆರ್ಗನ್ ಸ್ಯಾಕ್ಸೊಫೋನ್ ಆದದ್ದು ಹೇಗೆ?

ಪ್ರಶ್ನೆ: ಅಮೆರಿಕದ ಬ್ಲೂಸ್ ಸಂಗೀತಗಾರ ಲಿಟ್ಲ್ ವಾಲ್ಟರ್ ರೆಕಾರ್ಡುಗಳಲ್ಲಿ ಮೌತ್ ಆರ್ಗನ್ ಒಮ್ಮೊಮ್ಮೆ ಸ್ಯಾಕ್ಸೊಫೋನಿನಂತೆ ಕೇಳುತ್ತದೆ. ಮನೆಯಲ್ಲಿರುವುದನ್ನು ಎಷ್ಟು ಊದಿದರೂ ಆ ದನಿ ಬರುವುದಿಲ್ಲ, ಯಾಕೆ?

ನಿಮ್ಮದು ಎರಡು ಸಾಲು ತೂತುಗಳ, ದನಿ ನಡುಗುವ ಟ್ರೆಮೊಲೊ ಆಗಿದ್ದರೆ ಬರುವುದೂ ಇಲ್ಲ. ಬ್ಲೂಸಿನ ಜೀವಾಳ ಬೆಂಡ್, ಅಂದರೆ ಸ್ವರವನ್ನು ಕೆಳಕ್ಕೆ ಜಾರಿಸುವುದು. ಅದಕ್ಕೆ ಊದುವ ರೀಡೂ (ಉಸಿರಿಗೆ ಮಿಡಿಯುವ ಲೋಹದ ಪಟ್ಟಿ) ಎಳೆಯುವ ರೀಡೂ ಒಂದೇ ತೂತಿನಲ್ಲಿರಬೇಕು. ಟ್ರೆಮೊಲೊದಲ್ಲಿ ಅವು ಬೇರೆ ಬೇರೆ. ಅಂಗಡಿಯಲ್ಲಿ 10 ತೂತಿನ ಡಯಾಟೊನಿಕ್, ಅಂದರೆ ಒಂದೇ ಶ್ರುತಿಯ ಸ್ವರಗಳಿರುವ ಮೌತ್ ಆರ್ಗನ್ ಕೇಳಿ.

ಎರಡನೆಯದು ಶ್ರುತಿ. 1952ರ ಮೇ 12ರಂದು ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ತಂಡದ ಜೊತೆ ಮುದ್ರಿಸಿದ, ಹಾಡಿಲ್ಲದ ‘ಜೂಕ್’ ಇರುವುದು ‘ಇ’ ಶ್ರುತಿಯಲ್ಲಿ, ವಾಲ್ಟರ್ ಹಿಡಿದದ್ದು ‘ಎ’ ಶ್ರುತಿಯ ಹಾರ್ಮೋನಿಕಾ (ಮೌತ್ ಆರ್ಗನ್). ಹೀಗೆ ಹಾರ್ಮೋನಿಕಾದ ಪಂಚಮವನ್ನೇ ಷಡ್ಜ ಮಾಡಿಕೊಂಡು ನುಡಿಸುವುದೇ ಕ್ರಾಸ್ ಹಾರ್ಪ್. ‘ಸಿ’ ಹಾರ್ಮೋನಿಕಾದಲ್ಲಾದರೆ ‘ಜಿ’ ನಿಮ್ಮ ಷಡ್ಜ: 2ನೇ ತೂತಿನಲ್ಲಿ ಉಸಿರೆಳೆದರೆ ಸಿಗುತ್ತದೆ. 5ರಲ್ಲಿ ಎಳೆದರೆ ಕೈಶಿಕಿ ನಿಷಾದ ತಾನಾಗಿಯೇ ಬರುತ್ತದೆ. 3ರಲ್ಲಿ ಅರ್ಧ ಸ್ವರ ಜಾರಿಸಿದರೆ ಸಾಧಾರಣ ಗಾಂಧಾರ, 4ರಲ್ಲಿ ಜಾರಿಸಿದರೆ ಪ್ರತಿ ಮಧ್ಯಮ. ಹೊಸಬರು ಜೋರಾಗಿ ಎಳೆದು ರೀಡಿನ ಉಸಿರು ಕಟ್ಟಿಸುತ್ತಾರೆ. ಬೆಂಡ್ ಆಗುವುದು ಬಲದಿಂದಲ್ಲ, ನಾಲಿಗೆಯ ಹಿಂಭಾಗ ಇಳಿದು ಬಾಯೊಳಗಿನ ಜಾಗ ಹಿಗ್ಗುವುದರಿಂದ.

ಸ್ಯಾಕ್ಸೊಫೋನಿನ ಮೈ ಬಂದದ್ದು ಮೈಕಿನಿಂದ. ಎಲೆಕ್ಟ್ರಿಕ್ ಗಿಟಾರುಗಳ ಅಬ್ಬರದಲ್ಲಿ ಪುಟ್ಟ ವಾದ್ಯ ಮುಳುಗದಿರಲು ವಾಲ್ಟರ್ ಮೈಕನ್ನೂ ಹಾರ್ಮೋನಿಕಾವನ್ನೂ ಒಂದೇ ಬೊಗಸೆಯಲ್ಲಿ ಮುಚ್ಚಿ ಹಿಡಿದರು. ಆಂಪ್ಲಿಫೈಯರ್ ಒಡಕು ದನಿ ಕೊಟ್ಟರೆ ಅದನ್ನೇ ಬಳಸಿಕೊಂಡರು. ಬೆರಳ ಸಂದಿಯಲ್ಲಿ ಗಾಳಿ ಸೋರಿದರೆ ದನಿ ತೆಳ್ಳಗಾಗುತ್ತದೆ. ಆಂಪಿಗೆ ತೀರಾ ಹತ್ತಿರ ನಿಂತರೆ ಕುಂಯ್ ಎಂದು ಕೂಗುತ್ತದೆ.

‘ಜೂಕ್’ 8 ವಾರ ಅಮೆರಿಕದ ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಜನಪ್ರಿಯತಾ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ವಾಲ್ಟರ್ ಮಡ್ಡಿ ತಂಡ ಬಿಟ್ಟು ಸ್ವಂತ ತಂಡ ಕಟ್ಟಿದರು, ಆದರೂ ಮಡ್ಡಿ ರೆಕಾರ್ಡುಗಳಿಗೆ ನುಡಿಸುವುದನ್ನು ಬಿಡಲಿಲ್ಲ. 1955ರಲ್ಲಿ ‘ಮೈ ಬೇಬ್’ ಮೂಲಕ ಅವರು ಮತ್ತೆ ಮೊದಲ ಸ್ಥಾನಕ್ಕೇರಿದರು, ಈ ಸಲ ಗಾಯಕನಾಗಿಯೂ.

ನಿಧಾನ ಬ್ಲೂಸಿಗೆ ಅವರು ಕ್ರೊಮ್ಯಾಟಿಕ್, ಅಂದರೆ ಬಟನ್ ಒತ್ತಿ ಅರ್ಧ ಸ್ವರಗಳನ್ನೂ ನುಡಿಸಬಹುದಾದ ಹಾರ್ಮೋನಿಕಾ ಎತ್ತಿಕೊಳ್ಳುತ್ತಿದ್ದರು. ಆರ್ಗನ್ನಿನಂಥ ಆ ದಪ್ಪ ದನಿಗೆ ಬಟನ್ ಒತ್ತುವುದೇ ಬೇಡ. ‘ಸಿ’ ಕ್ರೊಮ್ಯಾಟಿಕ್‌ನಲ್ಲಿ ‘ಡಿ’ಯನ್ನು ಷಡ್ಜ ಮಾಡಿಕೊಳ್ಳಿ, ಐದು ತೂತುಗಳನ್ನು ಬಾಯಲ್ಲಿ ಹಿಡಿದು, ನಡುವಿನ ಮೂರನ್ನು ನಾಲಿಗೆಯಿಂದ ಮುಚ್ಚಿ ಉಸಿರೆಳೆಯಿರಿ. ಎರಡು ತುದಿಯ ತೂತುಗಳಲ್ಲಿ ಒಂದೇ ಸ್ವರ ಎರಡು ಸ್ಥಾಯಿಯಲ್ಲಿ ಕೂಡಿ ಮೊಳಗುತ್ತದೆ. ನಡುವೆ ಬೇರೆ ಸ್ವರ ನುಸುಳಿದರೆ ನಾಲಿಗೆ ಸರಿದಿದೆ ಎಂದರ್ಥ.