ಟ್ರಯಾಜ್ ಎಂದರೆ ಹೆಕ್ಕುವುದು

ಮಡಿಕೇರಿಯಲ್ಲಿ ಈಚೆಗೆ ನಡೆದ ತರಬೇತಿಯೊಂದರಲ್ಲಿ, ಶುಶ್ರೂಷಕರಿಗೆ ಟ್ರಯಾಜನ್ನು, ಅಂದರೆ ತುರ್ತು ವಿಭಾಗಕ್ಕೆ ಬಂದವರಲ್ಲಿ ಯಾರನ್ನು ಮೊದಲು ನೋಡಬೇಕೆಂದು ವಿಂಗಡಿಸುವುದನ್ನು, ಕಲಿಸುತ್ತಿದ್ದವರು, 'ಟ್ರೈ ಎಂದರೆ ಮೂರು. ಕೆಂಪು, ಹಳದಿ, ಹಸಿರು ಎಂದು ಮೂರು ಬಣ್ಣಗಳಿರುವುದರಿಂದಲೇ ಇದು ಟ್ರಯಾಜ್' ಎಂದು ಪರದೆಯ ಮೇಲೆ ತೋರಿಸಿದರು. ಈ ವಿವರಣೆ ನನ್ನ ಕಿವಿಗೆ ಬಿದ್ದದ್ದು ಅದು ನಾಲ್ಕನೆಯ ಸಲ.

ಟ್ರಯಾಜ್‌ಗೂ ಮೂರಕ್ಕೂ ನಂಟಿಲ್ಲ. ಹೆಕ್ಕು, ಆರಿಸಿ ಬೇರೆ ಮಾಡು ಎಂಬ ಅರ್ಥದ 'ತ್ರಿಯೇ' ಎಂಬ ಫ್ರೆಂಚ್ ಕ್ರಿಯಾಪದದಿಂದ ಹುಟ್ಟಿದ ಮಾತು ಇದು. 18ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಉಣ್ಣೆಯನ್ನು ದರ್ಜೆಗೆ ತಕ್ಕಂತೆ ವಿಂಗಡಿಸುವುದಕ್ಕೆ ಬಳಕೆಯಾಗುತ್ತಿತ್ತು. ಆಮೇಲೆ ಕಾಫಿಗೂ ಹತ್ತಿಕೊಂಡು, 19ನೇ ಶತಮಾನದ ವ್ಯಾಪಾರದಲ್ಲಿ ಹೆಕ್ಕಿ ಹೊರಗಿಟ್ಟ ಒಡಕು ಬೀಜಕ್ಕೇ ಆ ಹೆಸರು ನಿಂತಿತು. ಕೊಡಗಿನವರಿಗೆ ಬೇರೆ ದೃಷ್ಟಾಂತ ಹುಡುಕುವ ಅಗತ್ಯವೇ ಇಲ್ಲ. ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಾಲಾಗಿ ಕುಳಿತ ಹೆಂಗಸರು ಕಪ್ಪು ಬೀಜ, ಒಡಕು ಬೀಜ, ಹುಳು ಕೊರೆದ ಬೀಜಗಳನ್ನು ಬೆರಳ ತುದಿಯಿಂದ ಸರಿಸುವಾಗ, ಒಂದೊಂದು ಬೀಜದ ಮೇಲೆ ಅವರ ಕಣ್ಣು ನಿಲ್ಲುವುದು ಅರೆಕ್ಷಣ. ಹುರಿಯುವ, ಪುಡಿ ಮಾಡುವ ಉಸಾಬರಿ ಅವರದಲ್ಲ. ಹಾಗೆಯೇ ಟ್ರಯಾಜ್ ಮಾಡುವವರು ರೋಗವನ್ನು ನಿರ್ಣಯಿಸುವುದೂ ಇಲ್ಲ, ಗುಣಪಡಿಸುವುದೂ ಇಲ್ಲ. 'ಗಾಯಾಳುಗಳಿಗೆ ಟ್ರಯಾಜ್ ಚಿಕಿತ್ಸೆ ನೀಡಲಾಯಿತು' ಎಂದು ಬರೆಯುವವರು ಇದನ್ನು ಗಮನಿಸಬೇಕು. ಹೋಲಿಕೆ ತಲೆಕೆಳಗಾಗುವುದು ಒಂದೇ ಕಡೆ: ಕಾಫಿಯಲ್ಲಿ ಒಳ್ಳೆಯ ಬೀಜಕ್ಕೆ ಮೊದಲ ಮಣೆ, ತುರ್ತು ವಿಭಾಗದಲ್ಲಿ ಹೆಚ್ಚು ಕೆಟ್ಟಿರುವವರಿಗೆ.

ಗಾಯಾಳುವಿನ ಪದವಿಯನ್ನು ನೋಡದೆ ಗಾಯದ ತೀವ್ರತೆಯನ್ನು ನೋಡಿ ಸರದಿ ನಿರ್ಧರಿಸುವ ಪದ್ಧತಿಯನ್ನು ರೂಢಿಸಿದವನು ನೆಪೋಲಿಯನ್ ಸೈನ್ಯದ ಶಸ್ತ್ರವೈದ್ಯ ಲಾರೇ. ಪದ ಮಾತ್ರ ಇಂಗ್ಲಿಷ್ ವೈದ್ಯಕೀಯಕ್ಕೆ ಬಂದದ್ದು ಮೊದಲ ಮಹಾಯುದ್ಧದ ಕಾಲದ ಫ್ರೆಂಚರ ಬಳಕೆಯಿಂದ. ತಕ್ಷಣ ನೋಡಬೇಕಾದವರಿಗೆ ಕೆಂಪು ಚೀಟಿ, ಕಾಯಬಲ್ಲವರಿಗೆ ಹಸಿರು, ನಡುವಿನವರಿಗೆ ಹಳದಿ ಎಂಬ ಬಣ್ಣಗಳ ಲೆಕ್ಕವಂತೂ ಎಲ್ಲೂ ಒಂದೇ ಆಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ವಿಧಾನದಲ್ಲಿ ಮೂರು. ಸಾಮೂಹಿಕ ಅವಘಡದ ಚೀಟಿಗಳಲ್ಲಿ, ಸತ್ತವರಿಗೆ ಅಥವಾ ಉಳಿಯುವ ಭರವಸೆಯಿಲ್ಲದವರಿಗೆ ಹಾಕುವ ಕಪ್ಪೂ ಸೇರಿ, ನಾಲ್ಕು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪದ್ಧತಿಯಲ್ಲಿ ಐದು.

ಇದಕ್ಕಿಂತ ಅಪಾಯದ ಗೊಂದಲ 'ನಡೆಯಬಲ್ಲವರೆಲ್ಲ ಹಸಿರು' ಎಂಬುದು. ಅದು 1983ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪಿಸಿದ 'ಸ್ಟಾರ್ಟ್' ವಿಧಾನದ ಮೊದಲ ಹೆಜ್ಜೆ. ಹತ್ತಾರು ಗಾಯಾಳುಗಳು ಒಟ್ಟಿಗೆ ಬಿದ್ದಿರುವಾಗ, ಅಂದರೆ 2018ರ ಆಗಸ್ಟಿನಲ್ಲಿ ನಮ್ಮಲ್ಲಿ ಗುಡ್ಡ ಕುಸಿದಂಥ ಸಂದರ್ಭದಲ್ಲಿ, ಅದಕ್ಕೆ ಅರ್ಥವಿದೆ. ದಿನನಿತ್ಯದ ತುರ್ತು ವಿಭಾಗಕ್ಕೆ ಅದನ್ನು ಎಳೆದು ತಂದರೆ ಏನಾಗುತ್ತದೆ ಎಂಬುದು ಅಂದಿನ ತರಬೇತಿಯ ಅಣಕು ಅಭ್ಯಾಸದಲ್ಲೇ ಕಂಡಿತು. ಕರಿಮೆಣಸು ಕೊಯ್ಯುವ ಏಣಿಯಿಂದ ಬಿದ್ದು ಮುಂಗೈ ಮುರಿದುಕೊಂಡವನ ಪಾತ್ರಧಾರಿ ಚೀರುತ್ತಿದ್ದುದರಿಂದ ಅವನಿಗೆ ಕೆಂಪು ಚೀಟಿ ಸಿಕ್ಕಿತು. ತಾನೇ ನಡೆದು ಬಂದು, 'ಗ್ಯಾಸ್ ಇರಬೇಕು' ಎಂದು ಎದೆ ಒತ್ತಿಕೊಂಡು ಬೆಂಚಿನ ಮೇಲೆ ಕುಳಿತ ಅರವತ್ತರ ಹಿರಿಯರಿಗೆ, ಕುತ್ತಿಗೆಯ ಬೆವರನ್ನೂ ನೋಡದೆ, ಹಸಿರು ಕೊಟ್ಟರು. ಎದೆನೋವಿನವರಿಗೆ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು. ತೋಟದಲ್ಲಿ ಹಾವು ಕಚ್ಚಿಸಿಕೊಂಡು ನಡೆದೇ ಬಂದವನ ರೆಪ್ಪೆಗಳು ಜೋಲುತ್ತಿವೆ ಎಂದು ಪಾತ್ರದ ಚೀಟಿಯಲ್ಲಿ ಬರೆದಿತ್ತು. ಅವನಿಗೆ ನಿದ್ದೆ ಬಂದಿದೆ ಎಂದು ಒಬ್ಬರು ಭಾವಿಸಿದರು. ನಾಗರಹಾವಿನ ಅಥವಾ ಕಟ್ಟಿನ ಹಾವಿನ ವಿಷ ನರಗಳಿಗೆ ತಟ್ಟಿದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಸುಳಿವು ಬೇಕಿಲ್ಲ, ಮುಂದಿನ ಸರದಿ ಉಸಿರಾಟದ ಸ್ನಾಯುಗಳದು.

'ಟ್ರಯಾಜ್ ಕೊಠಡಿ' ಎಂಬ ಫಲಕದ ಕೆಳಗೆ ಟೋಕನ್ ಹರಿಯುವ ಕ್ರಮದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ; ಬಂದ ಕ್ರಮದಲ್ಲೇ ಕರೆಯುವುದಾದರೆ 'ಸರದಿ' ಎಂಬ ಮಾತೇ ಸಾಕು. ಕನ್ನಡದಲ್ಲಿ ಹೇಳಬೇಕೆನ್ನುವವರಿಗೆ 'ವಿಂಗಡಣೆ' ಚೆನ್ನಾಗಿಯೇ ಒಪ್ಪುತ್ತದೆ. ಆದರೆ ಪಾಳಿ ಬದಲಾಗುವಾಗ 'ಇವರಿಗೆ ಟ್ರಯಾಜ್ ಆಗಿದೆ' ಎಂದು ಒಪ್ಪಿಸುವ ರೂಢಿಯನ್ನು ಒಪ್ಪಲಾಗದು, ಏಕೆಂದರೆ ಕಾಯುತ್ತಿರುವವರನ್ನು ಮತ್ತೆ ಮತ್ತೆ ನೋಡಿ ಚೀಟಿ ಬದಲಿಸುವುದೂ ಈ ಪದದೊಳಗೇ ಇದೆ. ಹೆಜ್ಜೇನು ಕಚ್ಚಿದ ಹುಡುಗಿ ಒಳಬರುವಾಗ ಬರೀ ತುರಿಕೆ ಎನ್ನುತ್ತಾಳೆ, ಹಸಿರು ಸರಿಯೇ. ಹತ್ತು ನಿಮಿಷದ ಮೇಲೆ ಅವಳ ದನಿ ಗೊಗ್ಗರಾಗಿ ತುಟಿ ಊದಿಕೊಂಡಿದ್ದರೆ, ಆ ಹಸಿರು ಚೀಟಿಯನ್ನು ಕಿತ್ತು ಕೆಂಪು ಹಾಕಿ, ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದು ಕೊಡಲು ವೈದ್ಯರನ್ನು ಕೂಗಬೇಕಾದವರು ಅಲ್ಲೇ ನಿಂತಿರುವ ಶುಶ್ರೂಷಕಿ.