ಝೋನ್ ನಂಬರ್ ಪಂಚಾಂಗ ಅಲ್ಲ

ಏಪ್ರಿಲ್ ಮೂರನೇ ವಾರದ ಹೊತ್ತಿಗೆ ಷಿಕಾಗೊ ಪಶ್ಚಿಮದ ನಮ್ಮ ಊರುಗಳಲ್ಲಿ ಒಂದೆರಡು ದಿನ ಒಳ್ಳೆಯ ಬಿಸಿಲು ಬೀಳುತ್ತದೆ. ಆ ಶನಿವಾರ ನಾನು ಕೆಲಸ ಮಾಡುವ ನರ್ಸರಿಗೆ ನೇಪರ್‌ವಿಲ್, ಅರೋರಾ ಕಡೆಯ ನಮ್ಮವರು ಬಂದುಬಿಡುತ್ತಾರೆ. "ಬೆಂಡೆ ಸಸಿ ಬಂತಾ? ಬದನೆ ಇದ್ಯಾ?" ಇನ್ನೊಂದು ತಿಂಗಳು ತಡೀರಿ ಅಂದರೆ ಫೋನ್ ತೆಗೆದು ತೋರಿಸುತ್ತಾರೆ. "ಹೊಸ ಮ್ಯಾಪ್‌ನಲ್ಲಿ ನಮ್ಮನೆ 6ಎ ಆಗಿದೆ. ಈಗ ಬೇಗ ಹಾಕಬಹುದು, ಅಲ್ವಾ?"

ಇಲ್ಲ. ಹದಿನೆಂಟು ವರ್ಷದಿಂದ ಇದನ್ನೇ ಹೇಳುತ್ತಿದ್ದೇನೆ. 2023ರ ನವೆಂಬರ್‌ನಲ್ಲಿ ಅಮೆರಿಕದ ಕೃಷಿ ಇಲಾಖೆ, ಚಳಿಗಾಲದ ಚಳಿಗೆ ತಕ್ಕಂತೆ ದೇಶವನ್ನು ನಂಬರ್ ಹಾಕಿದ ಝೋನ್‌ಗಳಾಗಿ ಹಂಚುವ ಹೊಸ ಮ್ಯಾಪ್ ತಂದ ಮೇಲಂತೂ ದಿನಕ್ಕೆ ಹತ್ತು ಸಲ ಹೇಳಬೇಕಾಗಿದೆ.

ಆ ನಂಬರ್ ಹೇಗೆ ಬರುತ್ತದೆ ನೋಡಿ. 1991ರಿಂದ 2020ರವರೆಗೆ, ಒಂದೊಂದು ವರ್ಷದಲ್ಲೂ ಅತಿ ಚಳಿಯ ಒಂದು ರಾತ್ರಿ ಇರುತ್ತದಲ್ಲ, ಆ ರಾತ್ರಿಯ ಉಷ್ಣಾಂಶವನ್ನು ಮಾತ್ರ ತೆಗೆದುಕೊಂಡಿದ್ದಾರೆ. ಮೂವತ್ತು ವರ್ಷದ ಮೂವತ್ತು ರಾತ್ರಿಗಳ ಸರಾಸರಿ. ಅಷ್ಟೇ. 6ಎ ಅಂದರೆ ಆ ಸರಾಸರಿ ಮೈನಸ್ 10ರಿಂದ ಮೈನಸ್ 5 ಫ್ಯಾರನ್‌ಹೀಟ್ ನಡುವೆ ಇದೆ ಅಂತ. ನಂಬರ್ ಕಡಿಮೆಯಾದಷ್ಟೂ ಚಳಿ ಜಾಸ್ತಿ. ಮೇ ತಿಂಗಳಲ್ಲಿ ಇಬ್ಬನಿ ಹೆಪ್ಪುಗಟ್ಟುತ್ತದಾ, ಬೇಸಿಗೆ ಎಷ್ಟು ಬಿಸಿ, ಬೆಂಡೆ ಬೀಜ ಯಾವಾಗ ಹಾಕಬೇಕು, ಇದ್ಯಾವುದೂ ಅದರಲ್ಲಿ ಇಲ್ಲ. ವರ್ಷಗಟ್ಟಲೆ ನೆಲದಲ್ಲೇ ಉಳಿಯುವ ಗಿಡ, ಮರ ಚಳಿಗಾಲ ದಾಟುತ್ತದಾ ಅನ್ನುವುದಕ್ಕೆ ಮಾತ್ರ ಆ ನಂಬರ್.

ಇನ್ನೂ ನಂಬಿಕೆ ಬರದಿದ್ದರೆ ಸಿಯಾಟಲ್ ನೋಡಿ. ಸಿಯಾಟಲ್‌ಗೂ ಉತ್ತರ ಫ್ಲಾರಿಡಾಗೂ ಹೆಚ್ಚುಕಮ್ಮಿ ಒಂದೇ ಝೋನ್. ಫ್ಲಾರಿಡಾದಲ್ಲಿ ಬೆಂಡೆ ಆಳೆತ್ತರ ಬೆಳೆಯುತ್ತದೆ. ಸಿಯಾಟಲ್‌ನ ತಣ್ಣನೆಯ ಬೇಸಿಗೆ ರಾತ್ರಿಗಳಲ್ಲಿ ಅದೇ ಬೆಂಡೆ ಮುದುರಿಕೊಂಡು ಕೂರುತ್ತದೆ. ನಮ್ಮ ಷಿಕಾಗೊದಲ್ಲಿ ಝೋನ್ ನಂಬರ್ ಅವರಿಗಿಂತ ಎಷ್ಟೋ ಕಡಿಮೆ. ಆದರೂ ಜುಲೈನಲ್ಲಿ ಬೆಂಡೆ ನಮಗೇ ಚೆನ್ನಾಗಿ ಬರುತ್ತದೆ.

ಸರಾಸರಿ ಅನ್ನುವ ಮಾತನ್ನೂ ಮರೆಯಬೇಡಿ. 2019ರ ಜನವರಿ 30ರಂದು ಓಹೇರ್ ವಿಮಾನ ನಿಲ್ದಾಣದಲ್ಲಿ ಮೈನಸ್ 23 ಫ್ಯಾರನ್‌ಹೀಟ್ ಇತ್ತು. ಸೆಲ್ಸಿಯಸ್‌ನಲ್ಲಿ ಮೈನಸ್ 30ಕ್ಕೂ ಕೆಳಗೆ. ಅದಕ್ಕೇ ದುಡ್ಡು ಹಾಕಿ ಮರ ನೆಡುವವರಿಗೆ ಒಂದು ಝೋನ್ ಜಾಸ್ತಿ ಚಳಿ ತಡೆಯುವುದನ್ನೇ ತಗೊಳ್ಳಿ ಅನ್ನುತ್ತೇನೆ. ಪೂಜೆಗೆ ದಾಸವಾಳ ಬೇಕು ಅನ್ನುವವರಿಗೆ ರೋಸ್ ಆಫ್ ಶಾರನ್ ಕೊಡುತ್ತೇನೆ. ಅದೂ ದಾಸವಾಳದ ಕುಲವೇ, ಝೋನ್ 5ರ ಚಳಿ ತಡೆಯುತ್ತದೆ. ಊರಿನ ಕೆಂಪು ದಾಸವಾಳ, ಮಲ್ಲಿಗೆ, ಕರಿಬೇವು ಕುಂಡದಲ್ಲೇ ಇರಲಿ, ಸೆಪ್ಟೆಂಬರ್ ಮುಗಿಯುವುದರೊಳಗೆ ಮನೆಯೊಳಗೆ ಬರಲಿ. ಊರಿಂದ ಕರಿಬೇವಿನ ಗಿಡ, ಸೊಪ್ಪು ತರಬೇಡಿ. ನಿಂಬೆ ಜಾತಿಯ ಗಿಡಗಳ ರೋಗ ಹರಡುವ ಕೀಟ ಅದರಲ್ಲಿ ಬರಬಹುದು ಅಂತ ನಿಷೇಧವಿದೆ.

ಹಾಗಾದರೆ ತರಕಾರಿ ಯಾವಾಗ ಹಾಕಬೇಕು? ಮಣ್ಣನ್ನು ಕೇಳಿ. ಮಣ್ಣಿಗೆ ಚುಚ್ಚುವ ಥರ್ಮಾಮೀಟರ್ ಸಿಗುತ್ತದೆ. ಬೆಳಿಗ್ಗೆ ಹೊತ್ತು ನಾಲ್ಕು ಇಂಚು ಆಳಕ್ಕೆ ಇಳಿಸಿ ನೋಡಿ. ಮೂರ್ನಾಲ್ಕು ದಿನ ಬಿಡದೆ 65 ಫ್ಯಾರನ್‌ಹೀಟ್, ಅಂದರೆ 18 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೆಂಡೆ ಹಾಕಿ. ರಾತ್ರಿಯ ಗಾಳಿ 50 ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಯಬಾರದು. ನಮ್ಮ ಕಡೆ ಇದು ಮೇ ಕೊನೆಗೆ ಬರುತ್ತದೆ. ಮಿಷಿಗನ್ ಸರೋವರದ ದಡದಲ್ಲಿರುವವರ ಲೆಕ್ಕ ಬೇರೆ. ಒಂದೇ ಬೀದಿಯಲ್ಲಿ ತಗ್ಗಿನ ಮನೆಗೂ ಎತ್ತರದ ಮನೆಗೂ ವ್ಯತ್ಯಾಸ ಇರುತ್ತದೆ. ಹಾಗಾಗಿ ನನ್ನ ತಾರೀಖು ನಂಬಬೇಡಿ, ನಿಮ್ಮ ಮಣ್ಣನ್ನು ನಂಬಿ.

ಬೇಗ ನೆಟ್ಟ ಸಸಿ ಸಾಯದೇ ಇರಬಹುದು. ತೊಂದರೆ ಇರುವುದೇ ಅಲ್ಲಿ. ಹಸಿರಾಗಿರುತ್ತದೆ, ಆದರೆ ಬೇರು ಬಿಡುವುದಿಲ್ಲ. ಜೂನ್‌ನಲ್ಲಿ ಬಿಸಿ ಏರಿದ ಮೇಲೂ ಚೇತರಿಸಿಕೊಳ್ಳಲು ವಾರಗಟ್ಟಲೆ ಹಿಡಿಯುತ್ತದೆ. ತಿಂಗಳು ತಡವಾಗಿ ನೆಟ್ಟದ್ದು ಅದನ್ನು ಹಿಂದೆ ಹಾಕುವುದನ್ನು ಪ್ರತಿ ವರ್ಷ ನೋಡುತ್ತೇನೆ.

ತುಮಕೂರು ಕಡೆಯ ಒಬ್ಬ ಮೇಷ್ಟ್ರು ಮಗಳ ಮನೆಗೆ ಬಂದಿದ್ದರು. ವೀಸಾ ಆರು ತಿಂಗಳು, ಏಪ್ರಿಲ್‌ನಿಂದ ಅಕ್ಟೋಬರ್. ಬಂದ ವಾರವೇ ನರ್ಸರಿಗೆ ಬಂದರು. "ನೋಡಪ್ಪ, ಯುಗಾದಿ ಆಯ್ತು. ಈಗ ಅವರೆ ಹಾಕಿದ್ರೆ ಹೊರಡೋ ಮುಂಚೆ ಮೊಮ್ಮಕ್ಕಳಿಗೆ ಹಿತಕಿದ ಬೇಳೆ ಸಾರು ಮಾಡಿಸಬಹುದು."

ಅವರ ಮುಖ ನೋಡಿ ಇಲ್ಲ ಅನ್ನುವುದು ಕಷ್ಟವಾಯಿತು. ಆದರೂ ಹೇಳಿದೆ, "ಮೇಷ್ಟ್ರೇ, ಇಲ್ಲಿ ಚಳಿ ಒಂದೇ ಅಲ್ಲ, ಹಗಲೂ ಅಡ್ಡ ಬರುತ್ತೆ." ನಾಟಿ ಅವರೆ ಹಗಲು ಗಿಡ್ಡವಾದ ಮೇಲೇ ಹೂ ಬಿಡುವುದು. ಜೂನ್‌ನಲ್ಲಿ ಬೆಂಗಳೂರಿನ ಹಗಲು 13 ಗಂಟೆ ಹತ್ತಿರ, ಇಲ್ಲಿ 15 ಗಂಟೆಗೂ ಜಾಸ್ತಿ. ಬಳ್ಳಿ ಬೇಲಿ ತುಂಬಾ ಹಬ್ಬುತ್ತದೆ, ಹೂ ಬರುವುದು ಸೆಪ್ಟೆಂಬರ್‌ಗೆ. ಕಾಯಿ ತುಂಬುವಷ್ಟರಲ್ಲಿ ಅಕ್ಟೋಬರ್‌ನ ಹಿಮ ಸುಟ್ಟುಹಾಕುತ್ತದೆ. ಹಗಲಿನ ಲೆಕ್ಕವಿಲ್ಲದೆ ಬಿಡುವ ಹೆಬ್ಬಾಳ ಅವರೆ ತಳಿಗಳನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯವೇ ಕೊಟ್ಟಿದೆ. ಆದರೆ ಬೀಜ ತರಲು ಇಲ್ಲಿ ಕಾಗದಪತ್ರ ಬೇಕು, ಅವರ ಹತ್ತಿರ ಇರಲಿಲ್ಲ.

"ಹಂಗಾದ್ರೆ ಈಗ ಏನೂ ಆಗಲ್ವಾ?" ಅಂದರು. ಆಗುತ್ತದೆ! ಏಪ್ರಿಲ್‌ನ ತಣ್ಣನೆ ಮಣ್ಣು ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ, ಪಾಲಕ್, ಮೂಲಂಗಿಗೆ ಒಳ್ಳೆಯದು. ಜೂನ್ ಬಿಸಿ ಬಂದರೆ ಕೊತ್ತಂಬರಿ ಹೂವಿಗೆ ಹೋಗುತ್ತದೆ. ನಮ್ಮವರು ಬೆಂಡೆಗೆ ಆತುರಪಟ್ಟು ಈ ಸೊಪ್ಪಿನ ಕಾಲವನ್ನೇ ಕಳೆದುಕೊಳ್ಳುತ್ತಾರೆ. ನನಗೆ ಬೇಜಾರಾಗುವುದು ಅದಕ್ಕೇ.

ಮೇಷ್ಟ್ರು ಮೆಂತ್ಯ, ಸಬ್ಬಸಿಗೆ ಹಾಕಿದರು. ಮೇ ಕೊನೆಗೆ ಬೆಂಡೆ ನೆಟ್ಟರು. ಆಗಸ್ಟ್‌ನಲ್ಲಿ ಒಂದು ಚೀಲ ಬೆಂಡೆಕಾಯಿ ನನಗೂ ತಂದುಕೊಟ್ಟರು. ಊರಿಗೆ ಹೊರಡುವ ವಾರ ಮೊಮ್ಮಗನ ಜೊತೆ ಕೂತು ಬೆಳ್ಳುಳ್ಳಿ ಎಸಳು ಊರಿದರು. ಇಲ್ಲಿ ಅದನ್ನು ಅಕ್ಟೋಬರ್‌ನಲ್ಲೇ ಊರಬೇಕು, ಹಿಮದ ಕೆಳಗೆ ಮಲಗಿ ವಸಂತಕ್ಕೆ ಏಳುತ್ತದೆ. ಮಾರ್ಚ್‌ನಲ್ಲಿ ಅವರ ಮಗಳು ಅಂಗಡಿಗೆ ಬಂದು ಹೇಳಿದರು, "ಅಪ್ಪ ದಿನಾ ವಿಡಿಯೋ ಕಾಲ್ ಮಾಡಿ ಮೊದಲು ಬೆಳ್ಳುಳ್ಳಿ ತೋರಿಸು ಅಂತಾರೆ."